ಒಸಿ ತಡಿ, ಆರ್ಲಿ

ಕೆಂಪು ಗಾರೆ ಇದ್ದಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ.
ಆ ನೆಲ ದೊಡ್ಡ ಮನಸ್ಸಿನದು,
ಚೆಲ್ಲಿದ ಸಾರನ್ನೂ ಬೂದಿಯನ್ನೂ ನುಂಗಿಕೊಂಡು
ಸುಮ್ಮನಿರುತ್ತಿತ್ತು.
ಮನೆ ಓನರು ಈ ವರ್ಷ ಬಿಳೀ ಟೈಲ್ಸ್ ಹಾಕಿಸಿ
ಬಾಡಿಗೆಗೆ ಐನೂರು ಸೇರಿಸಿದರು.
ಟೈಲ್ಸಿಗೆ ಚಾಡಿ ಹೇಳುವ ಬುದ್ಧಿ.
ಕಿಟಕಿ ಮುಚ್ಚಿದ್ದರೂ, ಬಾಗಿಲ ಸಂದಿಗೆ ಗೋಣಿ ತುರುಕಿದ್ದರೂ
ಬೆಳಗಾದರೆ ಹಾಲಿನ ತುಂಬ
ಸಾಸಿವೆ ಸಿಡಿದ ಹಾಗೆ ಕರೀ ಚುಕ್ಕಿ.

ಕಾರ್ಖಾನೆ ಕಬ್ಬು ಅರೆಯೋಕೆ ಹಿಡಿದರೆ
ಗುತ್ತಲು ರಸ್ತೆಯ ಈಚೆಗೆಲ್ಲ ಇದೇ ಪಾಡು:
ಒಣಹಾಕಿದ ಪಂಚೆ, ಬೋಗುಣಿಯ ಮಜ್ಜಿಗೆ, ಕೂಸಿನ ಹಣೆ.
ನಲ್ಲಿ ಹತ್ತಿರ ಹೆಂಗಸರು ಚಿಮಣಿಯನ್ನು ಬೈಯುವಾಗ
ಜಯಶೀಲ ಬಾಯಿ ಬಿಡುವುದಿಲ್ಲ.
ಬಾಯ್ಲರಿಗೆ ರಾತ್ರಿಯಿಡೀ ಸಿಪ್ಪೆ ಉಣಿಸುವವನು ನಾನು.

ಭಾನುವಾರ ಪೇಟೆ ಬೀದಿಗೆ ಹೋದೆವು, ಮಾಪು ತರಲು.
ಇನಾಯತ್ ಅವರ ಅಂಗಡಿ ಮುಂದೆ ತಲೆಕೆಳಗಾಗಿ ನಿಂತಿದ್ದವು,
ಜಡೆ ಬಿಚ್ಚಿಕೊಂಡ ನೂಲಿನವು,
ದೋಸೆ ಮಗುಚುವ ಕೈಯಂಥ ಚಪ್ಪಟೆಯವು,
ಬಕೆಟ್ಟಿನೊಳಗೇ ಗಿರಗಿರ ತಿರುಗಿ ನೀರು ಕೊಡವುವ
ಸಾವಿರದಿನ್ನೂರರದು.
ಇನಾಯತ್ ತಮ್ಮದೇ ನೆಲಕ್ಕೆ ಟೀ ಚೆಲ್ಲಿ
ಒಂದೇ ಎಳೆತಕ್ಕೆ ಎತ್ತಿ ತೋರಿಸಿದರು.
"ಟೀ ಯಾವೋನ್ ಬೇಕಾದ್ರೂ ಒರಸ್ತಾನೆ," ಅಂದಳು ಇವಳು,
"ನಮ್ದು ಬೂದಿ ಕಣಣ್ಣ. ಕಾರ್ಖಾನೇದು."
ಅವರು ಮತ್ತೆ ಮಾತಾಡಲಿಲ್ಲ.
ಅವರ ಸ್ಟೀಲ್ ಡಬ್ಬಗಳ ಮುಚ್ಚಳದ ಮೇಲೂ ಅದೇ ಇತ್ತು.

ಹೋದ ಶ್ರಾವಣದಲ್ಲಿ ಮುರಿದ ಅವಳ ಬಲ ಮಣಿಕಟ್ಟು
ಹಿಂಡುವ ಕೆಲಸ ಒಲ್ಲೆ ಎನ್ನುತ್ತದೆ.
ಒಂದೊಂದೇ ಕೋಲನ್ನು ಎಡಗೈಲಿ ಎತ್ತಿ ತೂಗಿ,
ತನ್ನ ಗದ್ದದ ಎತ್ತರಕ್ಕೆ ಅಳೆದು,
ಬಟ್ಟೆ ಮೂಸಿ, ದಾರ ಎಳೆದು...
ನನ್ನನ್ನು ಅಳಿಯ ಅಂತ ಒಪ್ಪೋಕೂ ನಮ್ಮತ್ತೆ
ಇಷ್ಟು ಹೊತ್ತು ತಗೊಂಡಿರಲಿಲ್ಲ.
ಕೊನೆಗೆ ತಂದದ್ದು ಗಿರಗಿರದ್ದಲ್ಲ.
ಚಪ್ಪಟೆಯದು, ಮುನ್ನೂರೈವತ್ತು, ಬಟ್ಟೆ ಬಿಚ್ಚಿ ಒಗೆಯಬಹುದು,
ಹಿಡಿ ಎಳೆದರೆ ತಾನೇ ಹಿಂಡಿಕೊಳ್ಳುತ್ತೆ.
"ಪೆಡಲ್ ಮುರಿದ್ರೆ ಅದು ಬರೀ ಬಕೆಟ್ಟು," ಅಂದಳು ಆಟೋದಲ್ಲಿ.

ಬೂದಿಗೆ ಮೊದಲು ನೀರು ಮುಟ್ಟಿಸಬಾರದು.
ಇದು ಅವಳು ಕಲಿಸಿದ್ದು.
ಮುಟ್ಟಿಸಿದರೆ ಕಾಡಿಗೆ, ಉಜ್ಜಿದಷ್ಟೂ ಹರಡುತ್ತೆ.
ಪೊರಕೆಯೂ ಬೇಡ, ಹಾರುತ್ತೆ. ಫ್ಯಾನು ಆರಿಸಬೇಕು.
ಒಣಬಟ್ಟೆಯಲ್ಲಿ, ನಿದ್ದೆಯ ಮಗುವಿನ ಮುಖ ಒರೆಸುವ ಹಾಗೆ
ಮೆಲ್ಲಗೆ, ಒಂದೇ ಕಡೆಗೆ.
ಆಮೇಲೆ ಒದ್ದೆ. ಆಮೇಲೆ ಇನ್ನೊಂದು ಬಕೆಟ್ಟಿನ ತಿಳಿನೀರು.
ದೇವರ ಗೂಡಿನಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ,
ತನ್ನ ಹೆಜ್ಜೆಯನ್ನು ತಾನೇ ಅಳಿಸುತ್ತ, ಹೊಸ್ತಿಲಿಗೆ.
ನಾನೂ ಕಲಿತೆ. ರಜೆಯ ದಿನ ನನ್ನದೇ ಸರದಿ.
ಆರು ದಿನ ಉರಿಸಿದ್ದನ್ನು ಏಳನೇ ದಿನ ಒರೆಸುತ್ತೇನೆ.
ಮೂಲೆ ಬಿಡುತ್ತೇನಂತೆ. ಬೆರಳಿಟ್ಟು ತೋರಿಸುತ್ತಾಳೆ.

ಕಾರ್ಖಾನೆ ನಿಂತಿದ್ದ ಆ ಎರಡು ವರ್ಷ
ನೆಲಕ್ಕೆ ಒಂದು ಚುಕ್ಕಿ ಬೀಳಲಿಲ್ಲ.
ಅವಳು ಆಗಲೂ ಒರೆಸುತ್ತಿದ್ದಳು, ದಿನಕ್ಕೆರಡು ಸಲ.
ಬಕೆಟ್ಟಿನ ನೀರು ಹಿಡಿದಿಟ್ಟ ಹಾಗೇ ಇರುತ್ತಿತ್ತು.
ಅದನ್ನೇ ನೋಡಿಕೊಂಡು ಕೂತಿರುತ್ತಿದ್ದಳು.

ಇವತ್ತು ರಾತ್ರಿ ಪಾಳಿ ಮುಗಿಸಿ ಆರೂವರೆಗೆ ಬಂದೆ.
ಬಾಗಿಲು ತೆರೆದಿತ್ತು, ನೆಲ ಒದ್ದೆ,
ಅದರಲ್ಲಿ ಟ್ಯೂಬ್‌ಲೈಟು ಉದ್ದಕ್ಕೆ ಮಲಗಿತ್ತು.
"ಒಸಿ ತಡಿ, ಆರ್ಲಿ," ಒಳಗಿನಿಂದ ಅಂದಳು.
ಮೆಟ್ಟಿಲ ಮೇಲೆ ಕೂತೆ. ಬೂಟು ಬಿಚ್ಚಿದೆ.
ತಲೆಯ ಮೇಲಿಂದ ಒಂದು ಕರೀ ಚೂರು
ಅವಸರವಿಲ್ಲದೆ ಇಳಿದು ಹೊಸ್ತಿಲು ದಾಟುವುದರಲ್ಲಿತ್ತು.
ಕೈ ಒಡ್ಡಿದೆ. ಬೆಚ್ಚಗೇನೂ ಇರಲಿಲ್ಲ.
ಮುಷ್ಟಿ ಹಿಡಿದುಕೊಂಡೇ ಕೂತಿದ್ದೆ,
ಅವಳು ಕಾಫಿ ತಂದು ನಿಂತು
ಯಾವ ಕೈಗೆ ಕೊಡಲಿ ಎಂದು ಕೇಳುವವರೆಗೆ.